ಕನಸು ಮೇಯಿಸುವವರು

ನಮ್ಮ ಮನೆಯವರು ಬದುಕಿದ್ದಾಗ ಒಬ್ಬರ ಮನೆಗೆ ಹೋದವರಲ್ಲ. ಮದುವೆ, ಸೀಮಂತ, ಏನೇ ಇದ್ದರೂ ನನ್ನನ್ನು ಮುಂದೆ ತಳ್ಳಿ, ತಾವು ಸಾಂಗಲಿ ಪೇಠೆಯ ತಮ್ಮ ಅಡತಿ ದಲಾಲಿ ಅಂಗಡಿಯಲ್ಲಿ ಅರಿಸಿನದ ಚೀಲಗಳ ನಡುವೆ ಕೂತುಬಿಡುತ್ತಿದ್ದರು. ಅಂಥ ಮನುಷ್ಯ ಸತ್ತ ಮೇಲೆ ಊರೆಲ್ಲ ತಿರುಗತೊಡಗಿದರು. ಮಗ ಸಿದ್ಧೇಶ್ವರನ ಕನಸಿಗೆ ಹೋದರು. ಸೊಸೆ ರೂಪಾಲಿಯ ಕನಸಿಗೆ ಹೋದರು, ಅದೂ ಮೇಲಿಂದ ಮೇಲೆ. ಮೊಮ್ಮಗಳು ಪ್ರಾಜಕ್ತಾ ಪುಣೆಯ ಹಾಸ್ಟೆಲಿನಲ್ಲಿರುತ್ತಾಳೆ. ಪುಣೆಯೆಂದರೆ ಮೂಗು ಮುರಿಯುತ್ತಿದ್ದವರು ಅವಳ ಕನಸಿಗಾಗಿ ಅಲ್ಲಿಗೂ ಹೋಗಿ ಬಂದರು. ಕೊನೆಗೆ ಪಕ್ಕದ ಅಂಗಡಿಯ ಜಯಕುಮಾರ, ಜೀವಮಾನವೆಲ್ಲ ಕಟ್ಟೆಯ ಜಾಗಕ್ಕಾಗಿ ಇವರೊಡನೆ ಜಗಳ ತೆಗೆದವನು, ಒಂದು ಬೆಳಿಗ್ಗೆ ಕಣ್ಣೊರೆಸಿಕೊಳ್ಳುತ್ತ ಬಂದು, ರೇವಪ್ಪಣ್ಣ ಕನಸಿನಲ್ಲಿ ಬಂದು ಚಹಾ ಕುಡಿದು ಹೋದರು ಎಂದ. ನನ್ನ ಕನಸಿಗೆ ಮಾತ್ರ ಬರಲಿಲ್ಲ.

ನಾನು ಸುನಂದಾಬಾಯಿ, ಅವರ ಹೆಂಡತಿ. ಪೇಠೆಯಲ್ಲಿ ನನ್ನ ನಾಲಿಗೆಗೆ ಎಲ್ಲರೂ ಹೆದರುತ್ತಾರೆ, ಹೆದರಬೇಕು ಕೂಡ. ಆದರೆ ಸತ್ತವರ ಮೇಲೆ ನಾಲಿಗೆ ಹರಿಬಿಟ್ಟು ಏನು ಪ್ರಯೋಜನ. ಗಂಡ ಹೋದ ಮೇಲೆ ಹೆಂಡತಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ನನಗೆ ದಿಂಬಿಗೆ ತಲೆ ಕೊಟ್ಟರೆ ಬೆಳಗು. ಬಾವಿಗೆ ಬಿದ್ದ ಕೊಡದ ಹಾಗೆ ಸೀದಾ ತಳಕ್ಕೆ ಹೋಗುತ್ತೇನೆ, ಅಲ್ಲಿ ಏನೂ ಕಾಣುವುದಿಲ್ಲ, ಯಾರೂ ಇರುವುದಿಲ್ಲ. ಎದ್ದಾಗ ನಾಚಿಕೆಯಾಗುತ್ತದೆ.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಮಿರಜಿನ ಆಸ್ಪತ್ರೆಯ ಗಾಜಿನಾಚೆ ನಾನು ಕೊನೆಗೆ ಕಂಡ ಮುಖ ಅವರದಾಗಿರಲಿಲ್ಲ. ಮೂಗಿಗೊಂದು ನಳಿಗೆ, ಬಾಯಿಗೊಂದು ನಳಿಗೆ, ಹಣೆಯ ಮೇಲೆ ವಿಭೂತಿಯಿಲ್ಲ. ಈಗ ಕಣ್ಣು ಮುಚ್ಚಿ ನೆನೆದರೆ ಅದೇ ಮುಖ ಬಾಗಿಲಿಗೆ ಅಡ್ಡ ಬಂದು ನಿಲ್ಲುತ್ತದೆ. ಅದರ ಹಿಂದೆ ನಾನು ಸಂಸಾರ ಮಾಡಿದ ಮುಖವೊಂದು ಇತ್ತು, ಅದು ಸಿಗುವುದಿಲ್ಲ. ಫೋಟೋದಲ್ಲಿ ಇರುವುದು ಫೋಟೋದ ಮುಖ. ಒಂದು ಸಲ ಕನಸಿಗೆ ಬಂದು ತಮ್ಮ ಮುಖ ತೋರಿಸಿ ಹೋಗಿದ್ದರೆ ಸಾಕಿತ್ತು.

ಮನೆಮಂದಿಗೆಲ್ಲ ಇದು ಗೊತ್ತಿತ್ತು. ಕನಸು ಬಿದ್ದ ಬೆಳಿಗ್ಗೆ ರೂಪಾಲಿ ಹಾಲು ಕಾಸುತ್ತ, ಮಾವ ಬಂದಿದ್ದರು, ಹಾಲು ಬಂತೇನು ಅಂತ ಕೇಳಿದರು ಎಂದು ಶುರು ಮಾಡುವಳು. ಅಷ್ಟಕ್ಕೇ ನಿಲ್ಲಿಸಿ ಗಂಡನ ಮುಖ ನೋಡುವಳು. ಅವನು ಪೇಪರು ತಿರುವಿಹಾಕುವನು. ನನ್ನ ಮೇಲೆ ಕರುಣೆ ತೋರಿಸುತ್ತಿದ್ದಾರೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದರೂ ಸರಿಯೇ. ಸೊಸೆಯ ಮೇಲೆ, ಅದೂ ಕನಸಿನ ಸಲುವಾಗಿ ಹೊಟ್ಟೆಕಿಚ್ಚು ಪಡುವ ಅತ್ತೆ ಸಾಂಗಲಿಯಲ್ಲಿ ನಾನೊಬ್ಬಳೇ ಇದ್ದೇನು.

ದೀಪಾವಳಿ ರಜೆಗೆ ಪ್ರಾಜಕ್ತಾ ಬಂದಳು. ಈ ಹುಡುಗಿ ಪುಣೆಯಲ್ಲಿ ಓದುವುದು ಗ್ರೀಕ್. ಅದೂ ಈಗಿನದಲ್ಲ, ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನದು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು, ಸತ್ತ ಭಾಷೆಯನ್ನು ಮಾತ್ರ ಮುದ್ದು ಮಾಡಿ ಕಲಿಯುತ್ತಾಳೆ. ಈ ಸಲ ಒಂದೇ ಒಂದು ಶಬ್ದ ಹಿಡಿದುಕೊಂಡು ಬಂದಿದ್ದಳು. ಅದರ ಮೇಲೆ ಕಾಲೇಜಿನಲ್ಲಿ ಪ್ರಬಂಧ ಓದಬೇಕಂತೆ. ಒಂದು ಶಬ್ದಕ್ಕೆ ಒಂದು ಪ್ರಬಂಧವೇ ಎಂದು ನಾನು ಕೇಳಿದ್ದಕ್ಕೆ, ಅಡತಿಯಲ್ಲಿ ಆಜೋಬಾ ಒಂದು ಅರಿಸಿನದ ಕೊಂಬು ಹಿಡಿದು ಎಷ್ಟು ಹೊತ್ತು ನೋಡುತ್ತಿದ್ದರು, ಹಾಗೆ ಎಂದಳು.

ಮಾಳಿಗೆಯ ಮೇಲೆ ಎಳೆ ಬಿಸಿಲಿಗೆ ಕೂತು ನಾನು ಶೇಂಗಾ ಸುಲಿಯುತ್ತಿದ್ದೆ. ಅವಳು ಕಾಳು ತಿನ್ನುತ್ತ ಹೇಳುತ್ತಿದ್ದಳು. ಶಬ್ದ ಒನೈರೊಪೊಲೊಸ್. ಬಹಳ ಹಳೆಯ ಒಂದು ಯುದ್ಧದ ಹಾಡಿನಲ್ಲಿ ಎರಡೇ ಕಡೆ ಬರುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು. ಸೈನ್ಯಕ್ಕೆ ರೋಗ ಬಡಿದಾಗ, ಯಾರನ್ನಾದರೂ ಕೇಳೋಣ, ಪೂಜಾರಿಯನ್ನೋ, ಕಣಿ ಹೇಳುವವನನ್ನೋ, ಇಲ್ಲವೆ ಒನೈರೊಪೊಲೊಸ್‌ನನ್ನೋ ಎನ್ನುತ್ತಾರಂತೆ. ನಿಘಂಟಿನಲ್ಲಿ ಕನಸಿನ ಅರ್ಥ ಹೇಳುವವನು ಎಂದಿದೆ. ಆದರೆ ಶಬ್ದ ಬಿಡಿಸಿದರೆ ಅರ್ಥ ಹೇಳುವುದೆಂಬುದು ಎಲ್ಲಿಯೂ ಇಲ್ಲ. ಒನೈರೊಸ್ ಎಂದರೆ ಕನಸು. ಪೊಲೊಸ್ ಎಂದರೆ ಒಂದರ ಸುತ್ತ ತಿರುಗುವವನು, ಅದರ ನಡುವೆ ಓಡಾಡಿಕೊಂಡು ಕಾಯುವವನು. ಆಡು ಕಾಯುವವನಿಗೆ ಅವರ ಭಾಷೆಯಲ್ಲಿ ಐಪೊಲೊಸ್ ಎನ್ನುತ್ತಾರೆ, ಅದೇ ಪೊಲೊಸ್. ನಮ್ಮ ‘ಗೋಚರ’ದಲ್ಲಿ, ‘ಸಂಚಾರ’ದಲ್ಲಿ ಇರುವ ‘ಚರ’ ಕೂಡ ಅದೇ ಬೇರಿನಿಂದ ಬಂದದ್ದು. ಗೋಚರವೆಂದರೆ ಮೊದಲು ಹಸು ಮೇಯುವ ಜಾಗ, ಕಣ್ಣು ಮೇಯುವ ಜಾಗ ಎಂಬ ಅರ್ಥ ಆಮೇಲೆ ಬಂತು.

ಹಾಗಾದರೆ ಇವನು ಕನಸು ಮೇಯಿಸುವವನು ಎಂದು ನಾನು ಅಂದೆ. ಅವಳು ಕಾಳು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಇನ್ನೂ ಒಂದು ಮಾತಿದೆ, ಹಳೆಯ ಪಂಡಿತರಲ್ಲೇ ಜಗಳವಿತ್ತು ಎಂದಳು. ಬೇರೆಯವರ ಕನಸನ್ನು ಕೇಳಿ ಅರ್ಥ ಹೇಳುವವನು ಎಂದು ಕೆಲವರು. ಅಲ್ಲ, ಬೇರೆಯವರ ಸಲುವಾಗಿ ತಾನೇ ಕನಸು ಕಾಣುವವನು ಎಂದು ಇನ್ನು ಕೆಲವರು. ಈ ಎರಡನೆಯ ಮಾತಿಗೆ ನಾನು ಕಿವಿಗೊಡಲಿಲ್ಲ. ನನ್ನ ತಲೆ ಮೇಯಿಸುವುದರಲ್ಲೇ ನಿಂತಿತ್ತು. ಮೇಯಿಸುವವನೊಬ್ಬ ಇದ್ದಾನೆಂದರೆ ತಪ್ಪಿಸಿಕೊಂಡದ್ದನ್ನು ಹೊಳ್ಳಿಸಿ ತರುವುದು ಅವನ ಕೆಲಸ. ಬೇರೆಯವರ ಹಿಂಡು ಹೊಕ್ಕ ಕುರಿಯನ್ನು ಯಾರೂ ಹಾಗೇ ಬಿಡುವುದಿಲ್ಲ. ವ್ಯಾಪಾರದ ಮನೆಯಲ್ಲಿ ಬಾಳಿದವಳು ನಾನು, ನನ್ನ ಮಾಲು ಕಂಡವರ ಗೋದಾಮಿನಲ್ಲಿ ಬಿದ್ದಿದ್ದರೆ ಸುಮ್ಮನಿರುವುದು ನನ್ನಿಂದಾಗದು.

ಅಂಥವನೊಬ್ಬ ನಮ್ಮ ಕಡೆಯೂ ಇದ್ದ. ಸಲಗರೆಯಿಂದ ಅಂಗಡಿಗೆ ಬರುವ ರೈತರ ಬಾಯಲ್ಲಿ ಅಮೋಘಸಿದ್ಧ ಎಂಬ ಮುದುಕನ ಹೆಸರು ಕೇಳಿದ್ದೆ. ಕುರಿ ಸಾಕುವ ಮನೆತನ. ಅವರ ಮನೆಯಲ್ಲಿ ಒಂದು ರೂಢಿ ಉಂಟು. ಕನಸು ಬಿದ್ದರೆ ಯಾವ ಮನುಷ್ಯನಿಗೂ ಮೊದಲು ಹೇಳುವುದಿಲ್ಲ, ಹಟ್ಟಿಯಲ್ಲಿ ನಿಂತ ಕುರಿಗಳಿಗೆ ಹೇಳುತ್ತಾರೆ, ಹಿಂಡು ಕದಲುವ ಮುಂಚೆ. ಕುರಿಗಳು ಅದನ್ನು ಹೊಟ್ಟೆಗೆ ಹಾಕಿಕೊಂಡು ಹೋಗಿ ಬಯಲಿನಲ್ಲಿ ಮೇಯ್ದು ಮುಗಿಸುತ್ತವೆ. ಸುತ್ತಲಿನ ಊರಿನವರೂ ಬಂದು ಹೇಳಿ ಹೋಗುತ್ತಿದ್ದರು. ಇಷ್ಟು ದಿನ ಇದನ್ನು ಕೇಳಿ ನಾನು ನಕ್ಕಿದ್ದೆ. ಅಂದು ನಗಲಿಲ್ಲ, ಪ್ರಾಜಕ್ತಾಳಿಗೆ ಕಾರು ತೆಗೆಯಲು ಹೇಳಿದೆ.

ಸಿದ್ಧೇಶ್ವರ ಅಂಗಡಿಯಲ್ಲಿದ್ದ. ರೂಪಾಲಿ ಬೇಡವೆಂದಳು. ಅತ್ತಿ, ಕನಸು ಹೇಳುವವರ ಕಡೆ ಹೋಗುವುದು ಒಳ್ಳೆಯದಲ್ಲ ಎಂದು ಹೊಸ್ತಿಲಲ್ಲಿ ನಿಂತೇ ಇದ್ದಳು, ಆಮೇಲೆ ತಾನೂ ಬಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಮಿರಜ ದಾಟುವಾಗ ಆಸ್ಪತ್ರೆಯ ರಸ್ತೆ ಬಿಟ್ಟು ಬೇರೆ ರಸ್ತೆ ಹಿಡಿ ಎಂದು ನಾನು ಹೇಳಬೇಕಾಗಲಿಲ್ಲ, ಪ್ರಾಜಕ್ತಾ ತಾನೇ ತಿರುಗಿಸಿದಳು. ಮಾಲಗಾಂವದ ದ್ರಾಕ್ಷಿ ತೋಟಗಳು ಹೋದವು, ಕಬ್ಬು ಹೋಯಿತು, ಬಯಲು ಬಂತು. ಬಿಸಿಲು ಏರಿದ್ದರೂ ಗಾಳಿ ತಣ್ಣಗಿತ್ತು.

ಅಮೋಘಸಿದ್ಧನ ಹಿಂಡು ಊರಾಚೆ ಕೊಯ್ಲು ಮುಗಿದ ಹೊಲದಲ್ಲಿ, ಬೇವಿನ ಮರದ ಕೆಳಗೆ ನಿಂತಿತ್ತು. ನಡುಹಗಲಿಗೆ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆಯಿಟ್ಟು ಗುಂಪಾಗಿ ನಿಲ್ಲುತ್ತವೆ. ತಲೆಯೇ ಕಾಣದು, ಬರೀ ಕಪ್ಪು ಬೆನ್ನುಗಳು. ಮುದುಕ ಕೋಲಿಗೆ ಗದ್ದವೂರಿ ನಿಂತಿದ್ದ. ಅವನ ಹೆಂಡತಿ ತುಳಸವ್ವ ಬೇಲಿಯ ಹತ್ತಿರ ಕೂತು ಉಣ್ಣೆ ಬಿಡಿಸುತ್ತಿದ್ದಳು. ನಾನು ಬಂದ ಕೆಲಸ ಹೇಳಿದೆ. ಮುದುಕ ಪೂರಾ ಕೇಳಿ ತಲೆಯಾಡಿಸಿದ.

“ಕಂಡದ್ದ ಕೇಳಾಂವ ನಾನು, ಅಕ್ಕಾರ,” ಎಂದ. “ಕಾಣದ್ದಕ್ಕ ನಾ ಏನ ಮಾಡ್ಲಿ?”

ಇಷ್ಟಕ್ಕೆ ಇಷ್ಟು ದೂರ ಬಂದೆನಲ್ಲ ಎಂದು ನನಗೆ ರೇಗಿತು. ಕುರಿ ತಪ್ಪಿಸಿಕೊಂಡರೆ ಹುಡುಕುವುದಿಲ್ಲವೇನು ಎಂದು ಕೇಳಿದೆ. ಹುಡುಕುತ್ತೇವೆ, ಆದರೆ ಕಳಕೊಂಡವರೇ ಬಂದು ಗುರುತು ಹಿಡಿಯಬೇಕು, ಒಬ್ಬರ ಕುರಿಯ ಕಿವಿಗುರುತು ಇನ್ನೊಬ್ಬರಿಗೆ ಹೇಗೆ ತಿಳಿದೀತು ಎಂದ. ಕುರಿಯನ್ನೇ ತೋರಿಸದೆ ಗುರುತು ಹಿಡಿ ಎಂದರೆ ಹೇಗೆ ಎಂದು ನಾನು ಮತ್ತೆ ಬಾಯಿ ತೆರೆಯುವುದರೊಳಗೆ ತುಳಸವ್ವ ಎದ್ದು ಬಂದು ನನ್ನ ಕೈ ಹಿಡಿದಳು. ಬಂದದ್ದು ಬಂದಿರಿ, ನಮ್ಮ ಕಡೆ ಕನಸು ಬೀಳದವರನ್ನು ಹಿಂಡಿನ ನಡುವೆ ಮಲಗಿಸುತ್ತೇವೆ, ಒಂದು ಗಳಿಗೆ ಅಡ್ಡಾಗಿರಿ ಎಂದು ಹೇಳಿ ಮರದ ಬುಡದಲ್ಲಿ ಕಂಬಳಿ ಹಾಸಿದಳು.

ಹಾದಿಯಲ್ಲಿ ಕುರಿ ಅಡ್ಡ ಬಂದರೆ ಸೆರಗು ಎತ್ತಿ ಹಿಡಿಯುವವಳು ನಾನು. ಮಲಗಿದೆ. ಕಂಬಳಿ ಚುಚ್ಚುತ್ತಿತ್ತು. ನನ್ನ ಸುತ್ತ ಕಾಲುಗಳು, ಕಪ್ಪು ಉಣ್ಣೆ, ಹಾಲಿನ ಮತ್ತು ಹಿಕ್ಕೆಯ ವಾಸನೆ. ಅವು ಮೆಲುಕು ಹಾಕುವ ಸಪ್ಪಳ ಎಲ್ಲ ಕಡೆಯಿಂದ ಬರುತ್ತಿತ್ತು, ಒಂದೇ ಸಮ, ಅವಸರವಿಲ್ಲದ ಸಪ್ಪಳ. ಬೇವಿನ ಎಲೆಗಳ ನಡುವೆ ಆಕಾಶ ಚೂರುಚೂರಾಗಿ ಕಾಣುತ್ತಿತ್ತು, ಆಮೇಲೆ ಚೂರುಗಳು ಕೂಡಿಕೊಂಡವು. ಎಲ್ಲೋ ದೂರ ರೈಲು ಕೂಗಿತು. ಮೊಮ್ಮಗಳ ಶಬ್ದ ಬಾಯಿಗೆ ಬಂತು. ಒನೈರೊ, ಒನೈರೊ ಎನ್ನುವಾಗ ಮೆಲುಕಿನ ಲಯ ಅದಕ್ಕೆ ಸೇರಿಕೊಂಡಿತು. ಎಷ್ಟೋ ಸಾವಿರ ವರ್ಷದ ಕೆಳಗೆ ಯಾವುದೋ ಗುಡ್ಡದಲ್ಲಿ ಒಬ್ಬ ಆಡು ಕಾಯುತ್ತಿದ್ದಾನೆ, ಅವನ ಪಕ್ಕದ ಗುಡ್ಡದಲ್ಲಿ ಇನ್ನೊಬ್ಬ ಕನಸು ಕಾಯುತ್ತಿದ್ದಾನೆ, ಇಬ್ಬರೂ ಒಂದೇ ಥರ ಕೋಲೂರಿ ನಿಂತಿದ್ದಾರೆ, ಸಂಜೆಗೆ ಇಬ್ಬರ ಹಿಂಡುಗಳೂ ಬೆರೆತುಹೋಗಿವೆ. ಇದು ಕನಸೋ ಎಚ್ಚರವೋ ಎಂದು ಕೇಳಿಕೊಂಡೆ. ಎಚ್ಚರವೇ ಆಗಿತ್ತು. ಆಮೇಲೆ ಕೊಡ ಬಾವಿಗೆ ಬಿತ್ತು.

ಕಣ್ಣು ಬಿಟ್ಟಾಗ ನೆರಳು ಸರಿದು ಬಿಸಿಲು ಮುಖದ ಮೇಲಿತ್ತು. ಏನೂ ಕಂಡಿರಲಿಲ್ಲ. ಕನಸಿನ ಒಂದು ಎಳೆ ಕೂಡ ಇಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಅಳು ಬಂತು. ಜನರ ಮುಂದೆ ಅಳುವವಳಲ್ಲ, ಆದರೆ ಅಲ್ಲಿ ಕಂಬಳಿಯ ಮೇಲೆ ಕೂತು ಬಿಕ್ಕಿದೆ. ಅವರು ಸತ್ತದ್ದು ನನಗೆ ಅಂದು ಹೊಸದಾಗಿ ಗೊತ್ತಾದ ಹಾಗಿತ್ತು.

ರೂಪಾಲಿ ನನ್ನ ಕಾಲ ಬಳಿ ಮರಕ್ಕೆ ಒರಗಿ ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಆ ಮುಖ ನನಗೆ ಗುರುತಿತ್ತು, ಹಾಲು ಕಾಸುವ ಬೆಳಗಿನ ಮುಖ. ನನ್ನನ್ನು ಕಾಯುತ್ತ ಕೂತವಳಿಗೆ ಅಲ್ಲೇ ಜೊಂಪು ಹತ್ತಿತ್ತು. ಬಂದಿದ್ದರೇನು ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು.

“ನನ್ನ ಗಂಡ ಅವರು,” ಎಂದೆ. “ನನ್ನ ಬಿಟ್ಟ ನಿನ್ನ ಕಡೆ ಯಾಕ ಬರತಾರ?”

ಅಂದದ್ದು ಅಂದೆ. ರೂಪಾಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರಾಜಕ್ತಾ ತಾಯಿಗೆ ಮರಾಠಿಯಲ್ಲಿ, ಆಯಿ, ಹೇಳಿಬಿಡು ಎಂದು ಮೆಲ್ಲಗೆ ಅಂದಳು. ಹೇಳಬಾರದು ಎನ್ನುವಂತೆ ರೂಪಾಲಿ ಕೈಯಾಡಿಸಿದಳು. ಆಗ ಮುದುಕ ಕೋಲು ಬಿಟ್ಟು ಮುಂದೆ ಬಂದ.

“ಅರ್ಧಾ ಹೇಳಿದ ಕನಸ ಹಟ್ಟ್ಯಾಗ ಉಳೀತದ, ತಂಗಿ,” ಎಂದ. “ಅತ್ತಿಗಿ ಹೇಳಬ್ಯಾಡ. ಇವಕ್ಕ ಹೇಳು. ತಲಿಯಿಂದ ಬಾಲದ ತನಕ ಹೇಳು.”

ರೂಪಾಲಿ ನನಗೆ ಬೆನ್ನು ಮಾಡಿ ಕುರಿಗಳ ಕಡೆ ತಿರುಗಿದಳು. ಆಮೇಲೆ ಆ ಕಪ್ಪು ಬೆನ್ನುಗಳಿಗೆ ಹೇಳತೊಡಗಿದಳು.

“ಮಾವಾರು ಬೇಲಿ ಹಂತ್ಯಾಕ ಬಂದ ನಿಂತಿದ್ರು. ಕಾಲಾಗ ಚಪ್ಪಲಿ ಇಲ್ಲ, ಕೈಯಾಗ ಹಿಡದಿದ್ರು. ಯಾವಾಗ ಬಂದ್ರೂ ಹಂಗ ಬರತಾರ. ನಿಮ್ಮ ಅತ್ತಿ ಮಲಗ್ಯಾಳೇನು ಅಂತ ಕೇಳತಾರ. ಹೂಂ ರಿ, ಮಲಗ್ಯಾರ ಅಂತೇನಿ. ಎಬ್ಬಿಸಬ್ಯಾಡ ಅಂತ ಹೇಳಿ ಹೊಳ್ಳಿ ಹೋಗತಾರ.”

ಪ್ರಾಜಕ್ತಾ ನನ್ನ ಪಕ್ಕ ಕೂತು, ತನ್ನ ಕನಸಿನಲ್ಲೂ ಹಾಗೇ, ಅಪ್ಪನ ಕನಸಿನಲ್ಲೂ ಹಾಗೇ ಎಂದಳು. ಹಾಲಿನದು, ಚಹಾದ್ದು, ಎಲ್ಲ ಕನಸಿನ ಮುಂಭಾಗ. ಹಿಂಭಾಗವನ್ನು ಮನೆಯವರೂ ಜಯಕುಮಾರನೂ ಕೂಡಿ ನನ್ನಿಂದ ಮುಚ್ಚಿಟ್ಟಿದ್ದರು. ಸತ್ತವರು ಬರಿಗಾಲಲ್ಲಿ ಬಂದು ಒಬ್ಬರನ್ನು ವಿಚಾರಿಸಿದರೆ, ಅವರನ್ನು ಕರೆದೊಯ್ಯಲು ಬಂದಿದ್ದಾರೆಂದೇ ನಮ್ಮ ಕಡೆ ತಿಳಿಯುವುದು. ಕೇಳಿದಾಗಲೆಲ್ಲ ಮಲಗ್ಯಾರ ಎಂದೇ ಹೇಳಬೇಕು, ಬೇರೇನೂ ಹೇಳಬಾರದು ಎಂದು ರೂಪಾಲಿ ಎಲ್ಲರಿಗೂ ಕಲಿಸಿದ್ದಳಂತೆ. ಕನಸಿನಲ್ಲೂ ಮರೆಯದೆ ಹಾಗೇ ಹೇಳುತ್ತಿದ್ದರಂತೆ. ಈ ಹೆಂಗಸು ವರ್ಷವೆಲ್ಲ ನಿದ್ದೆಯಲ್ಲಿ ಬಾಗಿಲು ಕಾದು, ನನ್ನನ್ನು ಕರೆಯಲು ಬಂದವರನ್ನು ಹಿಂದಕ್ಕೆ ಕಳಿಸಿ, ಬೆಳಿಗ್ಗೆದ್ದು ನನ್ನ ಕೊಂಕು ಮಾತು ಕೇಳಿದ್ದಳು.

ಆದರೆ ಅವರು ಕರೆಯಲು ಬಂದಿರಲಿಲ್ಲ. ಅದು ಆ ಹೊಲದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅರಿಸಿನದ ಹಂಗಾಮಿನಲ್ಲಿ ಅವರು ಬೆಳಕು ಹರಿಯುವ ಮೊದಲೇ ಪೇಠೆಗೆ ಹೋಗುತ್ತಿದ್ದರು. ಅವರ ಕೊಲ್ಹಾಪುರಿ ಚಪ್ಪಲಿ ಹೆಜ್ಜೆಗೊಮ್ಮೆ ಕಿರುಗುಟ್ಟುತ್ತಿತ್ತು. ನನಗೆ ಎಚ್ಚರವಾದೀತೆಂದು ಅದನ್ನು ಕೈಯಲ್ಲಿ ಹಿಡಿದು, ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹೊಸ್ತಿಲಿಗೆ, ಅಷ್ಟು ದೊಡ್ಡ ಆಳು ಕಳ್ಳನ ಹಾಗೆ ತುದಿಗಾಲಲ್ಲಿ ನಡೆದು ಹೋಗಿ, ಹೊರಗಿನ ಮೆಟ್ಟಿಲ ಮೇಲೆ ಕೂತು ಮೆಟ್ಟಿಕೊಳ್ಳುತ್ತಿದ್ದರು. ವರ್ಷ ವರ್ಷವೂ ಹಾಗೆ. ನನಗೆ ಪ್ರತಿ ಸಲ ಎಚ್ಚರವಿರುತ್ತಿತ್ತು. ಕಣ್ಣು ಅರೆ ಮುಚ್ಚಿ ನೋಡುತ್ತ ಮಲಗಿರುತ್ತಿದ್ದೆ. ಎದ್ದರೆ ಅವರು ಪಟ್ಟ ಪಾಡು ವ್ಯರ್ಥವಾಗುತ್ತಿತ್ತು. ಜೊತೆಗೆ, ನಿಜ ಹೇಳುತ್ತೇನೆ, ನನಗಾಗಿ ಒಬ್ಬರು ಅಷ್ಟು ಮೆಲ್ಲಗೆ ನಡೆಯುವುದನ್ನು ನೋಡುವುದು ನನಗೆ ಬೇಕಾಗಿತ್ತು. ಅದನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಆಗ ಮುಖ ಬಂತು. ಕನಸಲ್ಲ, ಹಗಲು, ಕಣ್ಣು ತೆರೆದೇ ಇತ್ತು. ಹಣೆಯ ಮೇಲೆ ಆಗತಾನೆ ಧರಿಸಿದ ವಿಭೂತಿ ಇನ್ನೂ ಹಸಿ, ಸಪ್ಪಳವಾಗದಿರಲೆಂದು ಬಿಗಿ ಹಿಡಿದ ತುಟಿ, ಬಾಗಿಲ ಬಳಿ ಒಮ್ಮೆ ಹಿಂತಿರುಗಿ, ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ತಮ್ಮಷ್ಟಕ್ಕೆ ತಾವು ಹಗುರವಾಗುವ ಆ ಮುಖ. ಆಸ್ಪತ್ರೆಯ ಮುಖ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನಾನು ಕೂತಲ್ಲೇ ಕಣ್ತುಂಬ ನೋಡಿದೆ.

ಅವರಿಗೆ ಈಗಲೂ ನಾನು ಮಲಗಿದ್ದೇನೆಂದೇ ನಂಬಿಕೆ. ಇಷ್ಟು ವರ್ಷ ಸುಳ್ಳೇ ಮಲಗಿದವಳು ಈಗ ನಿಜಕ್ಕೂ ಮಲಗುತ್ತಿದ್ದೇನೆ, ಅವರು ಬಾಗಿಲ ತನಕ ಬಂದು ಮನೆಯವರನ್ನು ಕೇಳಿ ಹೊಳ್ಳಿ ಹೋಗುತ್ತಿದ್ದಾರೆ. ಇದನ್ನು ಎಲ್ಲರಿಗೂ ಹೇಳಿದೆ. ಮುದುಕ, ಗುರುತು ಹಿಡಿದಿರಲ್ಲ ಎಂದಷ್ಟೇ ಅಂದು ಹಿಂಡಿನ ಕಡೆ ಹೋದ. ಪ್ರಾಜಕ್ತಾ ತನ್ನ ತಾಯಿಯನ್ನೇ ನೋಡುತ್ತಿದ್ದಳು. ಬೇರೆಯವರ ಸಲುವಾಗಿ ಕನಸು ಕಾಣುವವರು ಎಂದು ಆ ಪಂಡಿತರು ಅಂದದ್ದು ಸುಳ್ಳಲ್ಲ, ಆಜಿ ಎಂದಳು. ಆ ಹಳೆಯ ಶಬ್ದ ನಮ್ಮ ಮನೆಯಲ್ಲಿ ಯಾರಿಗೆ ಸಲ್ಲಬೇಕೆಂದು ನನಗೂ ತಿಳಿದಿತ್ತು. ರೂಪಾಲಿಯ ಕೈ ಹಿಡಿದು ಎಬ್ಬಿಸಿ, ಅವಳ ಸೀರೆಗೆ ಹತ್ತಿದ ಉಣ್ಣೆಯ ಎಳೆಗಳನ್ನು ನಾನೇ ತೆಗೆದೆ.

ಹಿಂದಿರುಗುವಾಗ ಕಾರಿನಲ್ಲಿ ಅವಳ ಕೈ ನನ್ನ ಮಡಿಲಲ್ಲೇ ಇತ್ತು. ಹೊರಗೆ ಬಿಸಿಲು ಮಾಗಿ ಬಯಲೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿತ್ತು.

“ಮುಂದಿನ ಸಲ ಕೇಳಿದ್ರ, ಎದ್ದಾರ ಅನ್ನು,” ಎಂದೆ. “ಮೊದಲಿಂದನೂ ಎದ್ದೇ ಇರತಿದ್ರು ಅನ್ನು.”

ಅವಳ ಕೈ ಬಿಗಿಯಾಯಿತು. “ಕರಕೊಂಡ ಹೋದ್ರಂದ್ರ, ಅತ್ತಿ?”

ಮಾಲಗಾಂವ ಹಿಂದೆ ಬಿತ್ತು, ಮಿರಜಿನ ಮನೆಗಳು ಶುರುವಾದವು. ಆಸ್ಪತ್ರೆಯ ರಸ್ತೆಯ ತಿರುವು ಬಂದಾಗ, ಇದೇ ರಸ್ತೆಯಲ್ಲಿ ಹೋಗು ಎಂದು ನಾನು ಪ್ರಾಜಕ್ತಾಳಿಗೆ ಹೇಳಿದೆ. ರೂಪಾಲಿ ನನ್ನ ಮುಖ ನೋಡಿದಳು, ಆಮೇಲೆ ಕಿಟಕಿಯ ಕಡೆ ತಿರುಗಿದಳು. ಕಣ್ಣೊರೆಸಿಕೊಂಡು, ಬಹಳ ಮೆಲ್ಲಗೆ ಅಂದಳು.

“ಹೇಳತೇನ್ರಿ, ಅತ್ತಿ.”